ಲಾಕ್‌ಡೌನ್ ಮತ್ತು ರೋಗೇತರ ಸಾವು: ಹಿಂದೂಪುರ, ಕಲ್ಯಾಣದುರ್ಗಗಳ ನೆಲೆಯಿಂದ ಒಂದು ಲೆಕ್ಕ

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಘೋಷಣೆಯಾಗಿ ನಾಲ್ಕೇ ಗಂಟೆಗಳ ಅಂತರದಲ್ಲಿ ಜಾರಿಗೆ ಬಂದ ದೇಶವ್ಯಾಪಿ ಲಾಕ್‌ಡೌನ್, ಕೊರೊನಾ ವೈರಾಣು ಹರಡುವ ವೇಗವನ್ನು ತಗ್ಗಿಸಿ ಆಸ್ಪತ್ರೆಗಳಿಗೆ ಸಿದ್ಧತೆಯ ಕಾಲಾವಕಾಶ ಒದಗಿಸುವುದಕ್ಕಾಗಿ ರೂಪುಗೊಂಡದ್ದು. ಮೊದಲಿಗೆ 21 ದಿನಗಳಿಗೆಂದು ಹೇಳಲಾದ ಈ ನಿರ್ಬಂಧ ಮೂರು ಬಾರಿ ವಿಸ್ತರಣೆಗೊಂಡು ಮೇ 31ರವರೆಗೆ ನಡೆಯಿತು. ಜನ ಎಲ್ಲಿಗೆ ಹೋಗುತ್ತಾರೆ, ಏನನ್ನು ಕುಡಿಯುತ್ತಾರೆ, ಯಾವ ಕೆಲಸದಿಂದ ಹೊಟ್ಟೆ ಹೊರೆಯುತ್ತಾರೆ, ಯಾರೊಂದಿಗೆ ದಿನ ಕಳೆಯುತ್ತಾರೆ ಎಂಬುದೆಲ್ಲ ಒಂದೇ ರಾತ್ರಿಯಲ್ಲಿ ಬದಲಾದಾಗ, ಆ ಬದಲಾವಣೆ ಸೋಂಕಿನ ಸಾವುಗಳ ಮೇಲಷ್ಟೇ ಪರಿಣಾಮ ಬೀರಿ ಸುಮ್ಮನಾಗುವುದು ಸಾಧ್ಯವಿರಲಿಲ್ಲ. ರಸ್ತೆ ಅಪಘಾತ, ಆತ್ಮಹತ್ಯೆ, ಕೊಲೆ, ನೀರಿನಲ್ಲಿ ಮುಳುಗುವಿಕೆ, ವಿಷಪ್ರಾಶನ, ಕಾರ್ಖಾನೆಯ ದುರಂತ ಮುಂತಾದ, ಯಾವ ಕಾಯಿಲೆಯೂ ಕಾರಣವಲ್ಲದ ಸಾವುಗಳ ಲೆಕ್ಕವೂ ಅದರೊಡನೆ ಏರುಪೇರಾಯಿತು. ಮನೆಯಲ್ಲಿಯೇ ಇರಿ ಎಂಬ ಆಜ್ಞೆಯಿಂದ ಈ ಬಗೆಯ ಸಾವು ಕಡಿಮೆಯಾಯಿತೇ ಹೆಚ್ಚಾಯಿತೇ ಎಂದು ಕೇಳಿದರೆ ಎರಡಕ್ಕೂ ಹೌದೆನ್ನುವಷ್ಟು ಅಂಕಿಅಂಶ ದೊರೆಯುತ್ತದೆ. ಯಾವ ಸಾವು, ಯಾರ ಸಾವು, ಯಾವ ತಿಂಗಳ ಸಾವು ಎಂದು ಬಿಡಿಸಿ ಕೇಳಿದಾಗ ಮಾತ್ರ ಉತ್ತರಕ್ಕೆ ಅರ್ಥ ಬರುತ್ತದೆ.

ಹೀಗೆ ಬಿಡಿಸಿ ನೋಡುವುದಕ್ಕೆ ಆಂಧ್ರಪ್ರದೇಶದ ಗಡಿಯಂಚಿನ ಹಿಂದೂಪುರ ಮತ್ತು ಕಲ್ಯಾಣದುರ್ಗಗಳು ತಕ್ಕ ನೆಲೆಯಾಗಿವೆ. ಲಾಕ್‌ಡೌನ್‌ನ ವರ್ಷದಲ್ಲಿ ಎರಡೂ ಅನಂತಪುರ ಜಿಲ್ಲೆಗೆ ಸೇರಿದ್ದವು. 2022ರ ಏಪ್ರಿಲ್ 4ರ ಪುನರ್ವಿಂಗಡಣೆಯಲ್ಲಿ ಹಿಂದೂಪುರವು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಕನ್ನಡ ಮತ್ತು ತೆಲುಗು ಒಂದೇ ಅಂಗಡಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ನಡೆಯುವ ಈ ಸೀಮೆಯ ಬದುಕು ರಾಜ್ಯದ ಗಡಿಯನ್ನು ದಿನವೂ ದಾಟುತ್ತಿರುತ್ತದೆ. ಹಿಂದೂಪುರವು ಗೌರಿಬಿದನೂರು, ಯಲಹಂಕಗಳ ಮೂಲಕ ಬೆಂಗಳೂರಿಗೆ ಸಾಗುವ ರೈಲುದಾರಿಯ ಮೇಲಿನ ವ್ಯಾಪಾರದ ಊರು, ಹುಣಸೆಹಣ್ಣು, ಮೆಣಸಿನಕಾಯಿ ಮತ್ತು ರೇಷ್ಮೆಗೂಡಿನ ಮಾರುಕಟ್ಟೆ. ಅದರ ಸುತ್ತ ತೂಮುಕುಂಟದ ಕೈಗಾರಿಕಾ ಪ್ರದೇಶವಿದೆ, ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆಯಿದೆ. ಕಲ್ಯಾಣದುರ್ಗವಾದರೋ ಪಾವಗಡ, ಚಳ್ಳಕೆರೆಗಳ ಬಯಲಿನ ಮುಂದುವರಿಕೆಯಂತಿರುವ ಒಣಭೂಮಿ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನ ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ, ಮಳೆ ಕೈಕೊಟ್ಟರೆ ಬೆಂಗಳೂರಿಗೋ ಮತ್ತೆಲ್ಲಿಗೋ ಗುಳೆ ಹೋಗುವ ಕುಟುಂಬಗಳ ಪ್ರದೇಶವದು. ಒಂದು ಊರು ನಿತ್ಯಸಂಚಾರದ ಮೇಲೆ ನಿಂತಿದ್ದರೆ ಇನ್ನೊಂದು ಋತುವಿನ ವಲಸೆಯ ಮೇಲೆ ನಿಂತಿದೆ; ಸಂಚಾರವನ್ನೇ ನಿಲ್ಲಿಸುವ ನೀತಿ ಇವೆರಡನ್ನೂ ತಟ್ಟುವ ರೀತಿ ಬೇರೆಬೇರೆ.

ಲೆಕ್ಕಕ್ಕೆ ಮುನ್ನ ಲೆಕ್ಕ ಬರೆಯುವ ಕ್ರಮವನ್ನು ಅರಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಅಪಘಾತ, ಹಲ್ಲೆ, ಸ್ವಹಾನಿ ಮುಂತಾದವುಗಳಿಗೆ 'ಬಾಹ್ಯ ಕಾರಣಗಳು' ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ದೇಹದೊಳಗಿನ ವ್ಯಾಧಿಯಿಂದಲ್ಲದೆ ಹೊರಗಿನ ಘಟನೆಯಿಂದ ಉಂಟಾದ ಸಾವುಗಳು ಅದರಡಿ ಸೇರುತ್ತವೆ. ಭಾರತದಲ್ಲಿ ಇಂಥ ಸಾವುಗಳನ್ನು ಅಸಹಜ ಸಾವು ಎಂದು ಪರಿಗಣಿಸಿ ಪೊಲೀಸರು ಶವದ ಪಂಚನಾಮೆ ನಡೆಸಬೇಕಾಗುತ್ತದೆ, ಮತ್ತು ಠಾಣೆಗಳಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಸಾಗುವ ಆ ದಾಖಲೆಗಳನ್ನು ರಾಷ್ಟ್ರೀಯ ಅಪರಾಧ ದಾಖಲಾತಿ ಬ್ಯೂರೊ ಪ್ರತಿವರ್ಷ ಪ್ರಕಟಿಸುತ್ತದೆ. ವಿಚಿತ್ರವೆಂದರೆ, ಹಾಸಿಗೆ ಹಿಡಿದು ಸತ್ತವರಿಗಿಂತ ರಸ್ತೆಯಲ್ಲಿ ಸತ್ತವರ ಕಾರಣವೇ ನಮ್ಮಲ್ಲಿ ಹೆಚ್ಚು ಖಚಿತವಾಗಿ ದಾಖಲಾಗುತ್ತದೆ: 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸುಮಾರು 81 ಲಕ್ಷ ಸಾವುಗಳ ಪೈಕಿ ವೈದ್ಯರಿಂದ ಕಾರಣ ದೃಢೀಕರಿಸಲ್ಪಟ್ಟದ್ದು ಶೇ 22.5 ಮಾತ್ರ. ಆದರೆ ಹಸಿವಿನಿಂದ, ನಡೆದು ನಡೆದು ಆದ ಬಳಲಿಕೆಯಿಂದ ಕುಸಿದವರು ಪೊಲೀಸರ ಮತ್ತು ವೈದ್ಯರ ಈ ಎರಡು ಕಡತಗಳ ನಡುವೆ ಎಲ್ಲೂ ಸಲ್ಲದೆ ಉಳಿಯುತ್ತಾರೆ.

ಎಲ್ಲಕ್ಕಿಂತ ಸ್ಪಷ್ಟವಾಗಿ ಇಳಿದದ್ದು ರಸ್ತೆಯ ಸಾವು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಗಳ ಪ್ರಕಾರ 2019ರಲ್ಲಿ 4,49,002 ಅಪಘಾತಗಳಲ್ಲಿ 1,51,113 ಮಂದಿ ಸತ್ತಿದ್ದರೆ, 2020ರಲ್ಲಿ 3,66,138 ಅಪಘಾತಗಳಲ್ಲಿ 1,31,714 ಮಂದಿ ಸತ್ತರು. ಒಂದೇ ವರ್ಷದಲ್ಲಿ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾವು ತಪ್ಪಿದ್ದು ಯಾವ ಸಂಚಾರ ಸುರಕ್ಷಾ ಸಪ್ತಾಹದಿಂದಲೂ ಆಗದ ಸಾಧನೆ. ಆದರೆ ಇದೇ ಅಂಕಿಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ಅಪಘಾತಗಳು ಶೇ 18ರಷ್ಟು ಇಳಿದರೂ ಸಾವು ಇಳಿದದ್ದು ಶೇ 13ರಷ್ಟು ಮಾತ್ರ. ಪ್ರತಿ ನೂರು ಅಪಘಾತಕ್ಕೆ ಎಷ್ಟು ಸಾವು ಎಂಬ, ಅಪಘಾತದ ಭೀಕರತೆಯನ್ನು ಅಳೆಯುವ ಪ್ರಮಾಣ 33.7ರಿಂದ 36ಕ್ಕೆ ಏರಿತು. ಖಾಲಿ ರಸ್ತೆ ವೇಗಕ್ಕೆ ಆಹ್ವಾನ ಕೊಡುತ್ತದೆ, ಗಾಯಗೊಂಡವರನ್ನು ಕೂಡಲೇ ಕಂಡು ಎತ್ತಿ ಸಾಗಿಸುವವರೂ ಅಲ್ಲಿ ಕಡಿಮೆ. ಅಮೆರಿಕದಲ್ಲಿ ಈ ಪ್ರವೃತ್ತಿ ಇನ್ನೂ ತೀವ್ರವಾಗಿತ್ತು: 2020ರಲ್ಲಿ ವಾಹನಗಳು ಓಡಿದ ಒಟ್ಟು ದೂರ ಸುಮಾರು ಶೇ 11ರಷ್ಟು ಕಡಿಮೆಯಾದರೂ ರಸ್ತೆ ಸಾವುಗಳು 38,824ಕ್ಕೆ ಏರಿದವು, ಎಂದರೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ 7 ಹೆಚ್ಚು.

ಭಾರತದ ಅಂಕಿಗಳಲ್ಲಿ ಗಡಿಯೂರಿನವರು ವಿಶೇಷವಾಗಿ ಗಮನಿಸಬೇಕಾದದ್ದು ದ್ವಿಚಕ್ರ ವಾಹನಗಳ ಸಾಲು. ಒಟ್ಟು ರಸ್ತೆ ಸಾವು ಇಳಿದ ಆ ವರ್ಷದಲ್ಲೂ ದ್ವಿಚಕ್ರ ವಾಹನ ಸವಾರರ ಸಾವು ಇಳಿಯಲಿಲ್ಲ. 2019ರ 56,136ರ ಬದಲು 2020ರಲ್ಲಿ 56,873 ಮಂದಿ ಸತ್ತರು, ಒಟ್ಟು ಸಾವುಗಳಲ್ಲಿ ಅವರ ಪಾಲು ಶೇ 37ರಿಂದ ಶೇ 43ಕ್ಕೆ ಜಿಗಿಯಿತು. ಬಸ್ಸು, ಪ್ಯಾಸೆಂಜರ್ ರೈಲುಗಳು ನಿಂತು, ಶೇರ್ ಆಟೊದಲ್ಲಿ ಕೂರಲು ಅಂಜಿಕೆಯಾದಾಗ ಹಿಂದೂಪುರದಂಥ ಊರಿನಲ್ಲಿ ಬೆಂಗಳೂರಿನ ಕೆಲಸ ಉಳಿಸಿಕೊಳ್ಳಬೇಕಾದವನಿಗೆ ಉಳಿದ ದಾರಿ ಬೈಕು ಮಾತ್ರ. ಆಂಧ್ರ ಮತ್ತು ಕರ್ನಾಟಕದ ನಡುವೆ ಸಾರಿಗೆ ಬಸ್ಸುಗಳು ಮರಳಿ ಓಡತೊಡಗಿದ್ದು 2020ರ ಜೂನ್ ಮಧ್ಯಭಾಗದಲ್ಲಿ. ನಿತ್ಯ ಪ್ರಯಾಣಿಕರ ಅಗ್ಗದ ರೈಲುಗಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಸುರಕ್ಷಿತವಾದ ಸಾಮೂಹಿಕ ಸಾರಿಗೆಯನ್ನು ಎಲ್ಲಕ್ಕಿಂತ ಕೊನೆಗೆ ತೆರೆಯುವ ನೀತಿಯು, ಸೋಂಕಿನ ದೃಷ್ಟಿಯಿಂದ ಎಷ್ಟೇ ಸಮರ್ಥನೀಯವಾದರೂ, ಜನರನ್ನು ಅತ್ಯಂತ ಅಪಾಯಕಾರಿಯಾದ ವಾಹನದ ಮೇಲೆ ಕೂರಿಸುತ್ತದೆ ಎಂಬುದನ್ನು ನೀತಿನಿರೂಪಕರು ಲೆಕ್ಕಕ್ಕೆ ತೆಗೆದುಕೊಂಡ ಕುರುಹು ಕಾಣುವುದಿಲ್ಲ. ಒಟ್ಟಾರೆ ಇಳಿಕೆಯೂ ಬಾಳಲಿಲ್ಲ: 2021ರಲ್ಲಿ ರಸ್ತೆ ಸಾವು 1,53,972ಕ್ಕೂ 2022ರಲ್ಲಿ 1,68,491ಕ್ಕೂ ಏರಿ, ಸಾಂಕ್ರಾಮಿಕಕ್ಕೆ ಮುಂಚಿನ ಮಟ್ಟವನ್ನು ಮೀರಿತು.

ರಸ್ತೆಯ ಸಾವು ಒಟ್ಟಾರೆ ತಗ್ಗಿದ ಲಾಕ್‌ಡೌನ್‌ನ ಆ ಎರಡು ತಿಂಗಳಲ್ಲೇ ರಸ್ತೆಯಲ್ಲಿ ಹೊಸದೊಂದು ವರ್ಗದ ಜನ ಸಾಯತೊಡಗಿದರು. ಕೆಲಸ, ಕೂಲಿ, ಬಾಡಿಗೆಯ ಆಸರೆ ಏಕಕಾಲಕ್ಕೆ ತಪ್ಪಿದ ವಲಸೆ ಕಾರ್ಮಿಕರು ಊರಿನತ್ತ ಹೊರಟಾಗ ಅವರಿಗೆ ಸಿಕ್ಕಿದ್ದು ನಡಿಗೆ, ಸರಕು ಲಾರಿ, ಇಲ್ಲವೇ ರೈಲು ಹಳಿ. ಲಾಕ್‌ಡೌನ್ ಆರಂಭವಾದ ಮೂರ್ನಾಲ್ಕು ದಿನಗಳಲ್ಲೇ ತೆಲಂಗಾಣದಿಂದ ರಾಯಚೂರು ಕಡೆಗೆ ತೆರೆದ ಲಾರಿಯಲ್ಲಿ ಮರಳುತ್ತಿದ್ದ ಕೂಲಿಗಳು ಹೈದರಾಬಾದಿನ ಹೊರವರ್ತುಲ ರಸ್ತೆಯ ಪೆದ್ದ ಗೋಲ್ಕೊಂಡದ ಬಳಿ ಅಪಘಾತಕ್ಕೀಡಾಗಿ, ಮಕ್ಕಳೂ ಸೇರಿ ಕನಿಷ್ಠ ಏಳು ಮಂದಿ ಸತ್ತರು. ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದ್ ಜಿಲ್ಲೆಯಲ್ಲಿ, ರೈಲುಗಳು ಓಡುತ್ತಿಲ್ಲವೆಂದು ನಂಬಿ ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಮೇ 16ರಂದು ಉತ್ತರಪ್ರದೇಶದ ಔರೈಯಾದಲ್ಲಿ ಲಾರಿಗಳ ಡಿಕ್ಕಿಯಲ್ಲಿ 24 ಮಂದಿ ಹೋದರು. ರಸ್ತೆ ಸುರಕ್ಷತೆಗಾಗಿ ಕೆಲಸ ಮಾಡುವ ಸೇವ್‌ಲೈಫ್ ಫೌಂಡೇಶನ್ ಮಾರ್ಚ್ 25ರಿಂದ ಮೇ 31ರವರೆಗಿನ ಸುದ್ದಿಗಳನ್ನು ಪರಿಶೀಲಿಸಿ ಪಟ್ಟಿಮಾಡಿದ 750 ರಸ್ತೆ ಸಾವುಗಳಲ್ಲಿ 198 ವಲಸೆ ಕಾರ್ಮಿಕರದ್ದಾಗಿದ್ದವು. ಪ್ರಯಾಣಿಕ ರೈಲುಗಳು ಬಹುಪಾಲು ನಿಂತೇ ಇದ್ದ 2020ರಲ್ಲಿ ರೈಲು ಹಳಿಗಳ ಮೇಲೆ 8,733 ಮಂದಿ ಸತ್ತರೆಂದು ರೈಲ್ವೆ ಮಂಡಳಿಯೇ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದೆ. ವಲಸೆ ಕಾರ್ಮಿಕರಿಗಾಗಿ ಮೇ 1ರಿಂದ ಓಡಿಸಿದ ಶ್ರಮಿಕ್ ವಿಶೇಷ ರೈಲುಗಳಲ್ಲಿ ಸೆಪ್ಟೆಂಬರ್ 9ರವರೆಗೆ 97 ಮಂದಿ ಸತ್ತ ಸಂಗತಿಯನ್ನು ರೈಲ್ವೆ ಸಚಿವರು ರಾಜ್ಯಸಭೆಗೆ ತಿಳಿಸಿದರು. ಅದೇ ಸೆಪ್ಟೆಂಬರಿನಲ್ಲಿ ಕಾರ್ಮಿಕ ಸಚಿವಾಲಯವು ಲಾಕ್‌ಡೌನ್ ಕಾಲದಲ್ಲಿ ಸತ್ತ ವಲಸೆ ಕಾರ್ಮಿಕರ ಸಂಖ್ಯೆಯ ಬಗ್ಗೆ ತನ್ನಲ್ಲಿ ಯಾವ ದತ್ತಾಂಶವೂ ಇಲ್ಲವೆಂದು ಲೋಕಸಭೆಗೆ ಹೇಳಿತು.

ಸರ್ಕಾರ ಎಣಿಸದ್ದನ್ನು ನಾಗರಿಕರು ಎಣಿಸಿದರು. ಬೆಂಗಳೂರಿನ ತಂತ್ರಜ್ಞ ಜಿ.ಎನ್. ತೇಜೇಶ್, ಸಂಶೋಧಕಿ ಕನಿಕಾ ಶರ್ಮಾ, ಕಾನೂನು ಅಧ್ಯಾಪಕ ಅಮನ್ ಮತ್ತು ಅವರ ಸಂಗಡಿಗರು ದೇಶದ ಪತ್ರಿಕೆಗಳ ವರದಿಗಳನ್ನು ಆಯ್ದು, 'ವೈರಾಣುವಿನಿಂದಲ್ಲದ ಸಾವು'ಗಳ ಬಹಿರಂಗ ದತ್ತಾಂಶವೊಂದನ್ನು ಕಟ್ಟಿದರು. ಹಸಿವು ಮತ್ತು ಹಣದ ಸಂಕಟ, ನಡಿಗೆಯ ಬಳಲಿಕೆ, ಪ್ರಯಾಣದ ಅಪಘಾತ, ಆತ್ಮಹತ್ಯೆ, ಮದ್ಯ ತಪ್ಪಿದ್ದರ ಪರಿಣಾಮ, ಪೊಲೀಸ್ ಲಾಠಿ, ಚಿಕಿತ್ಸೆ ಸಿಗದಿರುವಿಕೆ ಎಂದು ವರ್ಗ ಮಾಡಿದ ಆ ಪಟ್ಟಿ 2020ರ ಜುಲೈ ಹೊತ್ತಿಗೆ ಒಂಬೈನೂರು ದಾಟಿತ್ತು. ಪತ್ರಿಕೆಯಲ್ಲಿ ಬಂದ ಸಾವುಗಳನ್ನಷ್ಟೇ ಹಿಡಿಯಬಲ್ಲ ಈ ವಿಧಾನ ಪೂರ್ಣ ಗಣತಿಯಾಗಲಾರದು, ಲಾಕ್‌ಡೌನ್ ಇರದಿದ್ದರೂ ಆಗುತ್ತಿದ್ದ ಸಾವುಗಳನ್ನು ಬೇರ್ಪಡಿಸಲೂ ಅದಕ್ಕೆ ಆಗದು. ಆದರೆ ಯಾವ ದಾರಿಗಳಿಂದ ಸಾವು ಬಂದಿತೆಂಬುದನ್ನು ಅಧಿಕೃತ ಕೋಷ್ಟಕಗಳಿಗಿಂತ ಈ ಪಟ್ಟಿಯೇ ನಿಚ್ಚಳವಾಗಿ ತೋರಿಸುತ್ತದೆ.

ಆ ದಾರಿಗಳಲ್ಲಿ ಮದ್ಯದ್ದು ಅತ್ಯಂತ ಜಟಿಲವಾದದ್ದು, ಮತ್ತು ಆಂಧ್ರ-ಕರ್ನಾಟಕ ಗಡಿಯಲ್ಲಿ ಅದಕ್ಕೆ ಒಂದು ವಿಶೇಷ ತಿರುವೂ ಇದೆ. ಮಾರ್ಚ್ 25ರಿಂದ ಮೇ 3ರವರೆಗೆ ಮದ್ಯದಂಗಡಿಗಳೆಲ್ಲ ಮುಚ್ಚಿದ್ದವು. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ಏಕಾಏಕಿ ತಪ್ಪಿದಾಗ ನಡುಕ, ಭ್ರಮೆ, ಅಪಸ್ಮಾರದಂಥ ಸೆಳೆತಗಳು ಕಾಣಿಸಿಕೊಂಡು ಚಿಕಿತ್ಸೆಯಿಲ್ಲದಿದ್ದರೆ ಜೀವಕ್ಕೆ ಅಪಾಯವಾಗುವುದುಂಟು. ಇದನ್ನು ವೈದ್ಯರು ಹಿಂತೆಗೆತದ ಲಕ್ಷಣಗಳೆನ್ನುತ್ತಾರೆ. ಲಾಕ್‌ಡೌನ್ ಆರಂಭವಾದ ಮೇಲೆ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ಗಂಭೀರ ಪ್ರಕರಣಗಳು ಹೆಚ್ಚಾಗಿ ಬಂದುದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿದ್ದಾರೆ. ಕೇರಳದಲ್ಲಿ ಮೊದಲ ವಾರದಲ್ಲೇ ಮದ್ಯವ್ಯಸನಿಗಳ ಆತ್ಮಹತ್ಯೆಗಳು ವರದಿಯಾಗಿ, ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಸರ್ಕಾರ ಹೊರಡಿಸಿದ ಆದೇಶಕ್ಕೆ ಅಲ್ಲಿನ ಹೈಕೋರ್ಟ್ ಏಪ್ರಿಲ್ 2ರಂದು ತಡೆ ನೀಡಿತು. ಆಂಧ್ರದಲ್ಲಿ ಅಂಗಡಿಗಳು ತೆರೆದಾಗ ಸರ್ಕಾರ ಮೊದಲು ಶೇ 25, ಮರುದಿನವೇ ಮತ್ತೆ ಶೇ 50ರಷ್ಟು ಬೆಲೆ ಏರಿಸಿತು. ಗಡಿಯಾಚೆ ಕರ್ನಾಟಕದಲ್ಲಿ ಅಗ್ಗದ ಮದ್ಯವಿತ್ತು. ಹಿಂದೂಪುರ, ಮಡಕಶಿರಗಳ ಗಡಿಯಲ್ಲಿ ಮದ್ಯದ ಟೆಟ್ರಾ ಪ್ಯಾಕ್‌ಗಳ ಕಳ್ಳಸಾಗಣೆ ಅನಂತರದ ತಿಂಗಳುಗಳಲ್ಲಿ ನಿತ್ಯದ ಸುದ್ದಿಯಾಯಿತು. ಗಡಿಯಿಂದ ದೂರವಿದ್ದ, ಇಂಥ ಅಡ್ಡದಾರಿಯೂ ಇರದ ಊರಿನಲ್ಲಿ ಏನಾಗಬಹುದೆಂಬುದಕ್ಕೆ ಪ್ರಕಾಶಂ ಜಿಲ್ಲೆಯ ಕುರಿಚೇಡು ಸಾಕ್ಷಿ: ಸೋಂಕಿನ ಕಾರಣದಿಂದ ಊರಿನ ಮದ್ಯದಂಗಡಿ ಮುಚ್ಚಿದ್ದಾಗ, ಸ್ಯಾನಿಟೈಜರ್ ಕುಡಿದು 2020ರ ಜುಲೈ ಕೊನೆಯಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು.

ಇದಕ್ಕೆ ಎದುರಾದ ಸಾಕ್ಷ್ಯವನ್ನೂ ಹೇಳದಿದ್ದರೆ ಲೆಕ್ಕ ಅರೆಯಾಗುತ್ತದೆ. ದಕ್ಷಿಣ ಆಫ್ರಿಕಾ 2020ರ ಜುಲೈ ಮಧ್ಯದಲ್ಲಿ ಮದ್ಯ ಮಾರಾಟವನ್ನು ಮತ್ತೆ ಪೂರ್ಣ ನಿಷೇಧಿಸಿದಾಗ, ನಿಷೇಧವಿದ್ದ ಐದು ವಾರಗಳಲ್ಲಿ ಗಾಯಗಳಿಂದಾಗುವ ಸಾವು ಸುಮಾರು ಶೇ 14ರಷ್ಟು ಕಡಿಮೆಯಾದುದನ್ನು ಅಲ್ಲಿನ ಸಂಶೋಧಕರು ತೋರಿಸಿದರು. ಜಗಳ, ಹಲ್ಲೆ, ಕುಡಿದ ಮತ್ತಿನ ಚಾಲನೆ ಇವುಗಳಲ್ಲಿ ಮದ್ಯದ ಪಾತ್ರ ಅಷ್ಟು ದೊಡ್ಡದು. ಹೀಗೆ ಒಂದೇ ನಿಷೇಧ, ಹೆಚ್ಚಿನವರ ಪಾಲಿಗೆ ರಕ್ಷಣೆಯಾಗಿಯೂ ತೀವ್ರ ವ್ಯಸನಿಗಳ ಪಾಲಿಗೆ ಮಾರಕವಾಗಿಯೂ ಕೆಲಸ ಮಾಡುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಿಂತೆಗೆತಕ್ಕೆ ಚಿಕಿತ್ಸೆ ಕೊಡಬಲ್ಲ ವೈದ್ಯರು ಮತ್ತು ಔಷಧಿ ಇದ್ದರೆ ಈ ಎರಡನೆಯ ಭಾಗವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಕೆಲಸ ನಿಂತ ಕಾರ್ಖಾನೆಯೂ ಕೊಲ್ಲಬಲ್ಲದೆಂಬುದು ವಿಶಾಖಪಟ್ಟಣದಲ್ಲಿ ತಿಳಿಯಿತು. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಘಟಕದಿಂದ ಸೋರಿದ ಸ್ಟೈರೀನ್ ಅನಿಲಕ್ಕೆ 12 ಮಂದಿ ಬಲಿಯಾದರು. ಲಾಕ್‌ಡೌನ್‌ನಿಂದ ವಾರಗಟ್ಟಲೆ ಬಳಕೆಯಾಗದೆ ತೊಟ್ಟಿಯಲ್ಲೇ ಉಳಿದ ದ್ರವವು ತಂಪುಗೊಳಿಸುವಿಕೆ, ಕಲಕುವಿಕೆ ಹಾಗೂ ರಾಸಾಯನಿಕ ಕ್ರಿಯೆಯನ್ನು ತಡೆಯುವ ವಸ್ತು ಸಾಲದೆ ಬಿಸಿಯೇರಿ ಆವಿಯಾಗಿ ಹೊರಬಿದ್ದುದನ್ನು ರಾಜ್ಯ ಸರ್ಕಾರದ ಉನ್ನತಾಧಿಕಾರ ಸಮಿತಿ ಗುರುತಿಸಿ, ಸುರಕ್ಷತೆಯ ನಿರ್ಲಕ್ಷ್ಯವನ್ನು ಎತ್ತಿ ಹೇಳಿತು. ತೂಮುಕುಂಟದಂಥ ಕೈಗಾರಿಕಾ ಪ್ರದೇಶಗಳಿರುವ ಕಡೆ, ಮುಚ್ಚುವ ಆದೇಶದೊಡನೆಯೇ ಸುರಕ್ಷಾ ಸಿಬ್ಬಂದಿಯ ಹಾಜರಿಯನ್ನೂ ಕಡ್ಡಾಯ ಮಾಡಬೇಕೆನ್ನಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆತ್ಮಹತ್ಯೆಯ ವಿಷಯದಲ್ಲಿ ಅವಸರದ ತೀರ್ಮಾನಗಳು ಎರಡು ದಿಕ್ಕಿನಿಂದಲೂ ಬಂದಿವೆ. 21 ದೇಶಗಳ ಅಂಕಿಗಳನ್ನು ಜೋಡಿಸಿ 2021ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಪ್ರಕಟವಾದ ಅಧ್ಯಯನವು, ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಆತ್ಮಹತ್ಯೆ ಬಹುತೇಕ ಕಡೆ ಏರಲಿಲ್ಲ, ಕೆಲವೆಡೆ ಇಳಿಯಿತು ಎಂದು ಕಂಡುಕೊಂಡಿತು. ಆ ದೇಶಗಳು ಬಹುಪಾಲು ಉಳ್ಳವರ ದೇಶಗಳೆಂಬುದು ಬೇರೆ ಮಾತು. ಜಪಾನಿನ ಚಿತ್ರ ಹೆಚ್ಚು ಬೋಧಕವಾದದ್ದು. ಅಲ್ಲಿ 2020ರ ಫೆಬ್ರುವರಿಯಿಂದ ಜೂನ್‌ವರೆಗೆ ಆತ್ಮಹತ್ಯೆ ಶೇ 14ರಷ್ಟು ಇಳಿದು, ಜುಲೈಯಿಂದ ಅಕ್ಟೋಬರ್‌ವರೆಗೆ ಶೇ 16ರಷ್ಟು ಏರಿತು, ಮತ್ತು ಆ ಏರಿಕೆ ಹೆಂಗಸರಲ್ಲಿಯೂ ಮಕ್ಕಳಲ್ಲಿಯೂ ಇನ್ನಷ್ಟು ಕಡಿದಾಗಿತ್ತು. ಎಲ್ಲರೂ ಒಂದೇ ವಿಪತ್ತಿನಲ್ಲಿರುವ ಭಾವನೆ, ಮನೆಯವರ ಸಾಮೀಪ್ಯ, ಸರ್ಕಾರದ ನೆರವಿನ ನಿರೀಕ್ಷೆ ಇವೆಲ್ಲ ಮೊದಲ ತಿಂಗಳುಗಳಲ್ಲಿ ತಡೆಯಾಗಿ ನಿಂತಿರಬಹುದು. ನೆರವು ತೀರಿ, ಸಾಲ ಬೆಳೆದು, ಬದುಕು ಮಾತ್ರ ಮೊದಲಿನಂತಾಗದಿದ್ದಾಗ ಆ ತಡೆ ಕುಸಿಯುತ್ತದೆ.

ಭಾರತದ ವಾರ್ಷಿಕ ಮೊತ್ತಗಳಲ್ಲಿ ಏರಿಕೆಯೇ ಕಾಣುತ್ತದೆ. 2018ರಲ್ಲಿ 1,34,516, 2019ರಲ್ಲಿ 1,39,123 ಇದ್ದ ಆತ್ಮಹತ್ಯೆಗಳು 2020ರಲ್ಲಿ 1,53,052, 2021ರಲ್ಲಿ 1,64,033 ಆದವು. ಕರ್ನಾಟಕದಲ್ಲಿ ಈ ಸಂಖ್ಯೆ 2019ರ 11,288ರಿಂದ 2020ರಲ್ಲಿ 12,259ಕ್ಕೆ, 2021ರಲ್ಲಿ 13,056ಕ್ಕೆ ಹೋಯಿತು. ಸಾಂಕ್ರಾಮಿಕಕ್ಕೆ ಮುನ್ನವೂ ಏರುತ್ತಿದ್ದ ರೇಖೆ ಇದಾದರೂ, ವರ್ಷಕ್ಕೆ ಶೇ 3ರಷ್ಟಿದ್ದ ಏರಿಕೆ ಶೇ 10ಕ್ಕೆ ಹೋದದ್ದು ಸಣ್ಣ ಸಂಗತಿಯಲ್ಲ. ಸತ್ತವರ ಉದ್ಯೋಗವನ್ನು ನೋಡಿದರೆ ಭಾರ ಯಾರ ಮೇಲೆ ಬಿತ್ತೆಂಬುದು ತಿಳಿಯುತ್ತದೆ. ದಿನಗೂಲಿಗಳು 2019ರಲ್ಲಿ 32,563, 2020ರಲ್ಲಿ 37,666, 2021ರಲ್ಲಿ 42,004. ವಿದ್ಯಾರ್ಥಿಗಳು 2019ರಲ್ಲಿ 10,335, 2020ರಲ್ಲಿ 12,526. ಕೃಷಿವಲಯದ ಅಂಕಿಗಳು ಕಲ್ಯಾಣದುರ್ಗದಂಥ ಪ್ರದೇಶಕ್ಕೆ ಇನ್ನೂ ಹತ್ತಿರದವು: ಸ್ವಂತ ಇಲ್ಲವೇ ಗೇಣಿ ಭೂಮಿ ಮಾಡುವ ರೈತರ ಆತ್ಮಹತ್ಯೆ 5,957ರಿಂದ 5,579ಕ್ಕೆ ತುಸು ಇಳಿದರೆ, ಕೃಷಿಕೂಲಿಗಳದ್ದು 4,324ರಿಂದ 5,098ಕ್ಕೆ, ಎಂದರೆ ಶೇ 18ರಷ್ಟು, ಏರಿತು. ಕೃಷಿ ಚಟುವಟಿಕೆಗೆ ಲಾಕ್‌ಡೌನ್‌ನಿಂದ ವಿನಾಯಿತಿ ಇತ್ತು, ಭೂಮಿಯಿದ್ದವನಿಗೆ ಕಾಳಿನ ಆಸರೆಯೂ ಇತ್ತು; ಪಟ್ಟಣದ ಕೂಲಿ ತಪ್ಪಿ ಊರಿಗೆ ಮರಳಿದವರು ಅದೇ ಹೊಲದ ಕೂಲಿಗೆ ಕೈಯೊಡ್ಡಿದಾಗ ಭೂಹೀನನ ಸಂಪಾದನೆ ಎರಡು ಕಡೆಯಿಂದಲೂ ಸವೆಯಿತೆಂದು ಊಹಿಸುವುದು ಅಸಂಗತವಾಗದು. ಇಂಥ ಸಂಕಟದಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡ ಮತ್ತು ತೆಲುಗುಗಳಲ್ಲಿಯೂ, ನೆರವು ಸಿಗುತ್ತದೆ. ಆ ಸೇವೆ ಆರಂಭವಾದದ್ದು 2022ರ ಅಕ್ಟೋಬರಿನಲ್ಲಿ, ಲಾಕ್‌ಡೌನ್‌ಗಳು ಮುಗಿದ ಮೇಲೆ.

ಮನೆಯೇ ಸುರಕ್ಷಿತ ಸ್ಥಳವೆಂಬ ಊಹೆಯನ್ನು ಇನ್ನೆರಡು ಸಾಲುಗಳು ಅಲುಗಾಡಿಸುತ್ತವೆ. ಎರಡು ತಿಂಗಳು ಬೀದಿಗಳೇ ಖಾಲಿಯಿದ್ದರೂ 2020ರ ಕೊಲೆ ಪ್ರಕರಣಗಳು 29,193. ಹಿಂದಿನ ವರ್ಷ 28,918. ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 32,700ರಿಂದ 37,000 ದಾಟಿದರು. ಶಾಲೆ ಮುಚ್ಚಿ ಮಕ್ಕಳು ಕೆರೆ, ಬಾವಿ, ಕೃಷಿಹೊಂಡಗಳ ಬಳಿ ಉಳಿದದ್ದು ಇದಕ್ಕೆ ಒಂದು ಕಾರಣವಿರಬಹುದು, ಆದರೆ ಅದನ್ನೇ ಪೂರ್ತಿ ಕಾರಣವೆಂದು ಹೇಳಲಾಗದು: ಆ ವರ್ಷ ರಾಯಲಸೀಮೆಯಲ್ಲಿ ವಾಡಿಕೆಗಿಂತ ಬಹಳ ಹೆಚ್ಚು ಮಳೆಯಾಗಿ, ವರ್ಷಗಳಿಂದ ಒಣಗಿದ್ದ ಕೆರೆಕುಂಟೆಗಳು ತುಂಬಿದ್ದವು. ನೀತಿಯ ಪರಿಣಾಮವನ್ನು ಪ್ರಕೃತಿಯ ಪರಿಣಾಮದಿಂದ ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಈ ಒಂದು ಸಾಲೇ ಸಾಕು.

ಈ ಕಷ್ಟವನ್ನು ಪರಿಹರಿಸಲು ಸಂಶೋಧಕರು ಬಳಸುವ ಒಂದು ವಿಧಾನವೆಂದರೆ, ನೀತಿ ಜಾರಿಯಾಗುವುದಕ್ಕೆ ಹಿಂದಿನ ಹಲವು ವರ್ಷಗಳ ತಿಂಗಳುವಾರು ಸಾವಿನ ರೇಖೆಯನ್ನು ಮುಂದಕ್ಕೆ ಎಳೆದು, ನೀತಿ ಇರದಿದ್ದರೆ ಎಷ್ಟು ಸಾವಾಗುತ್ತಿತ್ತೆಂದು ಅಂದಾಜಿಸಿ, ನಿಜವಾಗಿ ಆದದ್ದರೊಡನೆ ಹೋಲಿಸುವುದು. ಪೆರು ದೇಶದ ಸಾವುಗಳನ್ನು ಹೀಗೆ ಪರಿಶೀಲಿಸಿದ ಅಧ್ಯಯನವೊಂದರಲ್ಲಿ, 2020ರ ಮಾರ್ಚ್ ಮಧ್ಯದಲ್ಲಿ ಜಾರಿಯಾದ ಕಠಿಣ ಲಾಕ್‌ಡೌನ್‌ನ ಬೆನ್ನಿಗೇ ಕೊಲೆ, ಆತ್ಮಹತ್ಯೆ ಮತ್ತು ವಾಹನ ಅಪಘಾತದ ಸಾವುಗಳು ಮೂರೂ ಕುಸಿದವು, ಎಲ್ಲಕ್ಕಿಂತ ಹೆಚ್ಚಾಗಿ ವಾಹನದ್ದು. ಆದರೆ ಗಂಡಸರ ಕೊಲೆಯ ರೇಖೆ ಮುಂದಿನ ತಿಂಗಳುಗಳಲ್ಲಿ ಮತ್ತೆ ಏರತೊಡಗಿತು. ತಿಂಗಳುವಾರು ಲೆಕ್ಕವಿದ್ದಾಗ ಮಾತ್ರ ಈ ಇಳಿತ-ಏರಿಕೆ ಕಾಣುತ್ತದೆ. ವರ್ಷದ ಮೊತ್ತದಲ್ಲಿ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ವಾರ್ಷಿಕ ಅಂಕಿಯೊಂದನ್ನೇ ಹಿಡಿದು ಲಾಕ್‌ಡೌನ್ ಜೀವ ಉಳಿಸಿತೆಂದೋ ತೆಗೆಯಿತೆಂದೋ ವಾದಿಸುವವರು ಇಬ್ಬರೂ ತಪ್ಪು ಸಾಧನದಿಂದ ಅಳೆಯುತ್ತಿದ್ದಾರೆ.

ಅಳತೆಗೆ ಸಿಗದ ಇನ್ನೊಂದು ಗುಂಪೂ ಇದೆ. ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿದಾಗ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ತಡೆಯಲ್ಪಟ್ಟು, ಹಲವರು ಸತ್ತರು. ವಿಷಯ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2020ರ ಏಪ್ರಿಲ್ ಮೊದಲ ವಾರದಲ್ಲಿ ರೋಗಿಗಳಿಗೆ ದಾರಿ ಬಿಡುವ ಒಪ್ಪಂದವಾಯಿತು. ಈ ಸಾವುಗಳು ಕಡತದಲ್ಲಿ ಹೃದಯ, ಮೂತ್ರಪಿಂಡಗಳ ಕಾಯಿಲೆಯೆಂದೇ ನಮೂದಾಗುತ್ತವೆ, ಆದರೆ ರೋಗಿ ಆಸ್ಪತ್ರೆ ತಲಪದಂತೆ ಮಾಡಿದ್ದು ರಸ್ತೆಗೆ ಸುರಿದ ಮಣ್ಣು. ಬೆಂಗಳೂರಿನ ಆಸ್ಪತ್ರೆಗಳನ್ನು ಅದೇ ರೀತಿ ನಂಬಿರುವ ಹಿಂದೂಪುರಕ್ಕೆ ಕಾಸರಗೋಡಿನ ಪಾಠ ಹೊರಗಿನದ್ದಲ್ಲ.

ಹಾಗಾದರೆ ಸಾವನ್ನು ತಡೆದದ್ದೇನು? ಅನಂತಪುರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ದೇಶದ ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರುವರಿ 2ರಂದು ಆರಂಭವಾದದ್ದು ಇದೇ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ. ಲಾಕ್‌ಡೌನ್‌ನ ನಡುವೆಯೇ, ಏಪ್ರಿಲ್ 20ರಿಂದ, ಅಂತರ ಕಾಯ್ದುಕೊಂಡು ಈ ಕಾಮಗಾರಿಗಳನ್ನು ನಡೆಸಲು ಕೇಂದ್ರ ಅನುಮತಿ ನೀಡಿತು. ಆಂಧ್ರದಲ್ಲಿ ಆ ವರ್ಷದ ದಿನಗೂಲಿ 237 ರೂಪಾಯಿ. 2020-21ರಲ್ಲಿ ದೇಶದಾದ್ಯಂತ ಸುಮಾರು 389 ಕೋಟಿ ಮಾನವದಿನಗಳ ಕೆಲಸ ಸೃಷ್ಟಿಯಾದದ್ದು ಯೋಜನೆಯ ಚರಿತ್ರೆಯಲ್ಲೇ ಅದುವರೆಗಿನ ದಾಖಲೆ. ತಲೆಗೆ ಐದು ಕಿಲೋ ಉಚಿತ ಧಾನ್ಯ, ಏಪ್ರಿಲ್ ಮೊದಲ ವಾರದಲ್ಲಿ ಆಂಧ್ರ ಸರ್ಕಾರ ಬಡ ಕುಟುಂಬಗಳಿಗೆ ಹಂಚಿದ ಸಾವಿರ ರೂಪಾಯಿ, ಐವತ್ತು ಮನೆಗೊಬ್ಬರಂತಿದ್ದ ಗ್ರಾಮ ವಾಲಂಟಿಯರ್‌ಗಳು, ಬತ್ತಲಪಲ್ಲಿ ಮತ್ತು ಕಲ್ಯಾಣದುರ್ಗಗಳಲ್ಲಿ ಆಸ್ಪತ್ರೆ ನಡೆಸುವ ಆರ್‌ಡಿಟಿ ಸಂಸ್ಥೆ, ಇವೆಲ್ಲ ಆಗಲೇ ಇದ್ದ ಏರ್ಪಾಡುಗಳು ಇಲ್ಲವೇ ಅವುಗಳ ವಿಸ್ತರಣೆ. ಊರು ತಲಪಿದವನನ್ನು ಇವು ಹಿಡಿದುಕೊಂಡವು. ಊರು ತಲಪಲಾಗದೆ ದಾರಿಯಲ್ಲಿದ್ದವನನ್ನು ಹಿಡಿಯುವ ಏರ್ಪಾಡು ಇರಲಿಲ್ಲ. ನಾಲ್ಕು ಗಂಟೆಯ ಬದಲು ನಾಲ್ಕು ದಿನಗಳ ಅವಕಾಶ ಮತ್ತು ಮೇ ತಿಂಗಳಿನ ಶ್ರಮಿಕ್ ರೈಲುಗಳು ಮಾರ್ಚಿನಲ್ಲೇ ಸಿಕ್ಕಿದ್ದರೆ, ಆ ಹೊತ್ತಿಗೆ ಸೋಂಕು ಇನ್ನೂ ವಿರಳವಾಗಿದ್ದುದರಿಂದ, ಆರೋಗ್ಯದ ಬೆಲೆ ಅಲ್ಪವೇ ಆಗಿರುತ್ತಿತ್ತು. 2021ರ ಎರಡನೆಯ ಅಲೆಯಲ್ಲಿ ಆಂಧ್ರವು ಮೇ 5ರಿಂದ ಮಧ್ಯಾಹ್ನ ಹನ್ನೆರಡರ ಬಳಿಕ ಮಾತ್ರ ಕರ್ಫ್ಯೂ ಹೇರಿ ಬೆಳಗಿನ ಹೊತ್ತು ವಹಿವಾಟಿಗೆ ಬಿಟ್ಟುಕೊಟ್ಟದ್ದನ್ನು ಹಿಂದಿನ ವರ್ಷದ ಅನುಭವದಿಂದ ಬಂದ ವಿವೇಕವೆಂದೇ ಎಣಿಸಬೇಕು.

ಆ ಎರಡು ವರ್ಷಗಳ ಸ್ಥಳೀಯ ದಾಖಲೆ ಇನ್ನೂ ಕಪಾಟುಗಳಲ್ಲೇ ಇದೆ. ಹಿಂದೂಪುರ ಮತ್ತು ಕಲ್ಯಾಣದುರ್ಗದ ಪುರಸಭೆಗಳ ಜನನ-ಮರಣ ನೋಂದಣಿ, ಸುತ್ತಲ ಠಾಣೆಗಳ ಪಂಚನಾಮೆ ಕಡತ, ಸರ್ಕಾರಿ ಆಸ್ಪತ್ರೆಗಳ ಮರಣೋತ್ತರ ಪರೀಕ್ಷೆಯ ಪುಸ್ತಕ, ಗಡಿಯಾಚೆ ಗೌರಿಬಿದನೂರು ಮತ್ತು ಪಾವಗಡಗಳ ಅದೇ ದಾಖಲೆಗಳು, ಇವನ್ನು ತಿಂಗಳುವಾರು ಜೋಡಿಸಿದರೆ ಒಂದು ಗಡಿನಾಡಿನಲ್ಲಿ ಲಾಕ್‌ಡೌನ್ ಯಾರನ್ನು ಉಳಿಸಿತು, ಯಾರನ್ನು ಉಳಿಸಲಿಲ್ಲ ಎಂಬುದು ಮೊದಲ ಬಾರಿಗೆ ಅಂಕಿಗಳಲ್ಲಿ ತಿಳಿಯುತ್ತದೆ. ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ ಗಡಿಯಾಚೆಯ ತುಮಕೂರು ವಿಶ್ವವಿದ್ಯಾಲಯವೂ ಕೂಡಿ ಕೈಗೆತ್ತಿಕೊಳ್ಳಬಹುದಾದ ಕೆಲಸವಿದು. ಕಡತಗಳು ಗೆದ್ದಲು ಹಿಡಿಯುವ ಮುನ್ನ ಅವು ಇದನ್ನು ಕೈಗೆತ್ತಿಕೊಳ್ಳಲಿ.